ತೊಳೆಯದ ತಟ್ಟೆ

“ಮೂರು ದಿನ ಸಮುದ್ರದಲ್ಲಿ ಬಿದ್ದು ಹೊರಳಾಡಿ ಬಂದ್ಯಲ್ಲೇ ಕೆಂಪಿ, ಈಗ ನೆಲ ಒರೆಸೋಕೆ ಸೊಂಟ ಬಗ್ತಿಲ್ವಾ?”

ಜಯನಗರದ ಶುಭಾ ಮೇಡಂ ಸೋಫಾದ ಮೇಲೆ ಕಾಲೆತ್ತಿಕೊಂಡು ಕೇಳಿದರು. ಅಮ್ಮ ಅದೇ ಸೋಫಾದ ಅಡಿಗೆ ತೂರಿ ಒರೆಸುತ್ತಿದ್ದಳು. ಬಲಗೈಯಲ್ಲಿ ರೆಸಾರ್ಟಿನವರು ಅತಿಥಿಯ ಗುರುತಿಗೆಂದು ಕಟ್ಟಿದ ಚಿನ್ನದ ಬಣ್ಣದ ಪಟ್ಟಿ ಇನ್ನೂ ಇತ್ತು. ಕತ್ತರಿಸದೆ ಅದು ಬರುವುದಿಲ್ಲ. ಅಮ್ಮ ಕತ್ತರಿಸಿರಲಿಲ್ಲ.

“ಅದೇನೇ ಅದು, ಆಸ್ಪತ್ರೆ ಪಟ್ಟಿ ಥರ? ಕಿತ್ತು ಬಿಸಾಕು.”

“ಇರ್ಲಿ ಬುಡಿ ಅಮ್ಮಾವ್ರೇ.”

ಮೂರು ದಿನ ರಜೆ ಹಾಕಿದ ತಪ್ಪಿಗೆ ಭಾನುವಾರ ಇಡೀ ಮನೆ ತೊಳೆಯಬೇಕಿತ್ತು. ಕರೆಯದಿದ್ದರೂ ನಾನು ಹಿಂದೆ ಹೋಗಿದ್ದೆ. ರೆಸಾರ್ಟಿನಿಂದ ಬಂದ ಮೇಲೆ ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಳು.

ಎಲ್ಲ ಶುರುವಾಗಿದ್ದು ನನ್ನ ಫೋನಿನಿಂದ. ಅಪ್ಪ ಅಮ್ಮನ ಕಥೆ ಬರೆದು ಕಳಿಸಿ, ಗೆದ್ದ ಜೋಡಿಗೆ ಬೀಚ್ ರೆಸಾರ್ಟಿನಲ್ಲಿ ಮೂರು ದಿನ ಊಟ, ರೂಮು, ಎಲ್ಲ ಉಚಿತ ಎಂಬ ಸ್ಪರ್ಧೆ. ಬಸ್ಸಿನಲ್ಲಿ ನಿಂತೇ ಟೈಪ್ ಮಾಡಿದೆ. ಕಸದ ಆಟೋ ಹಿಂದೆ ಓಡುವ ಅಪ್ಪ ನನ್ನ ಕಥೆಯಲ್ಲಿ ‘ಸರ್ಕಾರಿ ಉದ್ಯೋಗಿ’ ಆದ. ನಾಲ್ಕು ಮನೆ ಕೆಲಸದ ಅಮ್ಮ ‘ಗೃಹಿಣಿ’ ಆದಳು. ಗೆದ್ದ ದಿನ ಹೊಸಕೆರೆಹಳ್ಳಿಯ ನಮ್ಮ ಬೀದಿಯಲ್ಲಿ ಕುಣಿದಾಡಿದೆ.

“ಈ ವಯಸ್ನಲ್ಲಿ ಗಂಡನ ಕೈ ಹಿಡ್ಕೊಂಡು ಮರಳಲ್ಲಿ ಓಡಾಡೋದಾ? ಥೂ ಮುಂಡೇದೇ!” ಎಂದು ನನಗೆ ಬೈದ ಅಮ್ಮ, ಸಂಜೆ ಮದುವೆ ಸೀರೆಗೆ ಇಸ್ತ್ರಿ ಹಾಕಿಸಿಕೊಂಡು ಬಂದಳು.

ಅವರು ರೆಸಾರ್ಟ್ ತಲುಪಿದ ದಿನ ಮಧ್ಯಾಹ್ನ ಅಪ್ಪ ವಿಡಿಯೋ ಕಾಲ್ ಮಾಡಿದ. ನಾನು ಬಿಟಿಎಂನ ಕೆಫೆಯಲ್ಲಿ ಕಾಲೇಜಿನ ಗೆಳತಿ ಸಮನ್ವಿತಾ ಜೊತೆ ಕೂತಿದ್ದೆ. ಅವಳೂ ಫೋನಿಗೆ ಬಗ್ಗಿದಳು. ಅಪ್ಪ ಊಟದ ಹಾಲ್, ಗಾಜಿನ ಆಚೆಯ ಸಮುದ್ರ ಎಲ್ಲ ತೋರಿಸುತ್ತಿದ್ದ. ಅಷ್ಟರಲ್ಲಿ ಹಿಂದೆ ಅಮ್ಮ ಕಂಡಳು. ಉಂಡ ತಟ್ಟೆ ಕೈಯಲ್ಲಿ ಹಿಡಿದು ಅತ್ತಿತ್ತ ಹುಡುಕುತ್ತಿದ್ದಳು. ಇಪ್ಪತ್ತು ವರ್ಷದಿಂದ ಕೆಲಸದ ಮನೆಗಳಲ್ಲಿ ತಾನುಂಡ ತಟ್ಟೆ ತಾನೇ ತೊಳೆದಿಟ್ಟವಳು. ನಲ್ಲಿ ಎಲ್ಲಿದೆ ಎಂದು ನೋಡುತ್ತಿದ್ದಳು.

ಪಕ್ಕದ ಟೇಬಲ್ಲಿನ ಹೆಂಗಸು ತನ್ನ ತಟ್ಟೆಯನ್ನೂ ಅಮ್ಮನ ತಟ್ಟೆಯ ಮೇಲಿಟ್ಟಳು. ಅವಳ ಗಂಡನೂ ಇಟ್ಟ. ಅಮ್ಮ ಬೇಡ ಎನ್ನಲಿಲ್ಲ.

“ಹಿಂದೆ ತಟ್ಟೆ ಎತ್ತುತ್ತಿರೋದು ಯಾರೇ, ಸ್ಟಾಫಾ?” ಎಂದಳು ಸಮನ್ವಿತಾ.

“ಹ್ಞೂ ಕಣೇ, ಸ್ಟಾಫು.”

“ಮತ್ತೆ ನಿಮ್ಮಮ್ಮ ಎಲ್ಲಿ?”

“ಬೀಚಲ್ಲಿರ್ಬೇಕು.”

ಅಪ್ಪನ ಫೋನಿನ ಸ್ಪೀಕರ್ ಜೋರು. ಅಮ್ಮ ತಲೆ ಎತ್ತಿ ಸೀದಾ ನನ್ನನ್ನು ನೋಡಿದಳು. ನಾನು ಕಾಲ್ ಕಟ್ ಮಾಡಿದೆ. ಆಮೇಲೆ ಕೇಕ್ ತಿಂದೆ. ಪೂರ್ತಿ ತಿಂದೆ.

ಉಳಿದದ್ದನ್ನು ವಾಪಸ್ ಬಂದ ಮೇಲೆ ಅಪ್ಪ ಹೇಳಿದ. “ಒಳ್ಗಡೆ ಹೋಗಿ ಅವ್ರ ತಟ್ಟೆಗಳ್ನೂ ತೊಳೀತಾ ನಿಂತವ್ಳೆ ನಿಮ್ಮವ್ವ. ಮ್ಯಾನೇಜರ್ ಬಡ್ಡೀಮಗ ಕೈಪಟ್ಟಿ ನೋಡ್ಬುಟ್ಟು ಹೌಹಾರ್ದ. ‘ಏನಮ್ಮ, ಗೆಸ್ಟ್ ಆಗಿ ನಮ್ ಮರ್ಯಾದೆ ಕಳೀತೀಯಾ? ಉಂಡ್ ತಟ್ಟೆ ಉಂಡ್ ಕಡೆ ಬಿಟ್ಟು ಎದ್ದೋಗ್ಬೇಕು, ಅಷ್ಟೂ ಗೊತ್ತಿಲ್ವಾ’ ಅಂತ ಎಲ್ರ ಮುಂದೆ ಬೈದ. ಆಮೇಲೆ ಅವ್ಳು ಆ ಹಾಲ್ ಕಡೆ ತಲೆ ಹಾಕ್ಲಿಲ್ಲ ಕಣವ್ವ. ಹೊರಡೋಗಂಟ ರೂಮಲ್ಲೇ ಬಾಳೆಹಣ್ಣು ತಿಂದ್ಕೊಂಡಿದ್ಲು.”

ಫೋನಿನಲ್ಲಿ ನಾನಾಡಿದ ಮಾತನ್ನು ಅಪ್ಪ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಶುಭಾ ಮೇಡಂ ಮನೆ ಒರೆಸಿ ಮುಗಿದಾಗ ಹನ್ನೊಂದು ಗಂಟೆ. “ಉಪ್ಪಿಟ್ಟಿದೆ, ತಗೊಳ್ಳಿ,” ಎಂದರು ಮೇಡಂ. ಅಮ್ಮನ ತಟ್ಟೆ ಇರುವುದು ಪಾತ್ರೆ ತೊಳೆಯುವ ಜಾಗದಲ್ಲಿ, ಸಿಂಕಿನ ಕೆಳಗೆ, ಫಿನಾಯಿಲ್ ಬಾಟಲಿ ಪಕ್ಕ. ಅಂಚು ಸೊಟ್ಟಗಾದ ಸ್ಟೀಲ್ ತಟ್ಟೆ. ಮೇಡಂ ಅದನ್ನು ಕಾಲಿನಿಂದಲೇ ಮುಂದೆ ತಳ್ಳಿದರು.

ಅಮ್ಮ ಅದನ್ನು ನೋಡಿದಳು. ಸೀರೆಗೆ ಕೈ ಒರೆಸಿಕೊಂಡು ಹಾಲ್‌ಗೆ ಹೋದಳು. ಷೋಕೇಸಿನಿಂದ ಹೂವಿನ ಅಂಚಿನ ಪಿಂಗಾಣಿ ತಟ್ಟೆ ತೆಗೆದು, ಉಪ್ಪಿಟ್ಟು ಬಡಿಸಿಕೊಂಡು, ಡೈನಿಂಗ್ ಟೇಬಲ್ಲಿನ ಕುರ್ಚಿ ಎಳೆದು ಕೂತಳು.

“ಏಯ್! ಏನೇ ಮಾಡ್ತಿದ್ದೀಯಾ? ಅದು ನಮ್ಮನೆಯವ್ರು ಉಣ್ಣೋ ತಟ್ಟೆ! ತಲೆ ಕೆಟ್ಟಿದ್ಯಾ ನಿಂಗೆ?”

ಅಮ್ಮ ತುತ್ತು ಬಾಯಿಗಿಟ್ಟಳು. ನಿಧಾನಕ್ಕೆ ಉಂಡಳು. ಮೆಣಸಿನಕಾಯಿ ಆಯ್ದು ತಟ್ಟೆಯ ಅಂಚಿಗಿಟ್ಟಳು. ನನ್ನನ್ನು ಕರೆಯಲಿಲ್ಲ. ಇನ್ನೊಂದು ಕುರ್ಚಿ ಎಳೆದು ಅವಳ ಪಕ್ಕ ಕೂರಬೇಕಿತ್ತು ನಾನು. ಬಕೆಟ್ ಹಿಡಿದು ನಿಂತೇ ಇದ್ದೆ.

ಉಂಡಾದ ಮೇಲೆ ಅಭ್ಯಾಸಬಲದಿಂದ ಅವಳ ಕೈ ತಟ್ಟೆ ಎತ್ತಿತು. ಅರ್ಧಕ್ಕೆ ನಿಂತಿತು. ತಟ್ಟೆಯನ್ನು ಟೇಬಲ್ಲಿನ ನಡುಮಧ್ಯಕ್ಕೆ ಇಟ್ಟಳು.

“ಉಂಡ್ ತಟ್ಟೆ ಉಂಡ್ ಕಡೆ ಬಿಡ್ಬೇಕಂತೆ ಅಮ್ಮಾವ್ರೇ. ನೀವೇ ತೊಳ್ಕಳಿ.”

“ನಾಳೆಯಿಂದ ಈ ಕಡೆ ಕಾಲಿಟ್ರೆ ನೋಡು!”

ಅಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬಸ್ಸಿನಲ್ಲಿ ನನ್ನ ಪಕ್ಕ ಸೀಟು ಖಾಲಿ ಇತ್ತು. ಅಮ್ಮ ಮುಂದಿನ ಸೀಟಿಗೆ ಹೋಗಿ ಕೂತಳು. ಕಂಡಕ್ಟರ್ ಬಂದ. “ಇಬ್ರೂ ಒಟ್ಗೇನಾ?”

“ಅವ್ಳನ್ನೇ ಕೇಳಪ್ಪ,” ಎಂದಳು ಅಮ್ಮ.

“ನಮ್ಮಮ್ಮ ಸಾರ್, ಎರಡು ಕೊಡಿ,” ಎಂದೆ, ಇಡೀ ಬಸ್ಸಿಗೆ ಕೇಳುವಂತೆ.

ಬಸ್ಸಿನಲ್ಲಿ ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಅಮ್ಮ ತಿರುಗಿ ನೋಡಲಿಲ್ಲ.