ಮೋತಿಬಿಯ ತತ್ತಿಬುಟ್ಟಿ

"ದಾದಿ, ನಿನ್ನ ವಿಮಾನದಾಗ ಕುಂಡ್ರಸ್ತೀನಿ. ಏರಸಾಂವನೂ ನಾನ, ಇಳಸಾಂವನೂ ನಾನ," ಎಂದು ತನ್ವೀರ ತನ್ನ ಅಜ್ಜಿ ಮೋತಿಬಿಗೆ ಮಾತು ಕೊಟ್ಟಾಗ ಅವನಿಗೆ ಹತ್ತು ವರ್ಷ. ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ, ಅಜ್ಜ ರಹಮಾನಸಾಬ ಓಡಿಸುತ್ತಿದ್ದ ಡೋಣಿ ಊರಿನ ಬಸ್ಸಿನ ಬಾನೆಟ್ ಮೇಲೆ ಕೂತು, ಬಾಯಿತುಂಬ ಬತ್ತಾಸು ಇಟ್ಟುಕೊಂಡು ಕೊಟ್ಟ ಮಾತು ಅದು. ಮೋತಿಬಿ ನಗಲಿಲ್ಲ. ಡ್ರೈವರನ ಹೆಂಡತಿ, ಗಾಡಿ ಓಡಿಸುವ ವಿಷಯದಲ್ಲಿ ಆಕೆ ನಗುವವಳೇ ಅಲ್ಲ.

"ತತ್ತಿ ಒಡೀಬಾರದು ನೋಡ," ಎಂದಷ್ಟೇ ಹೇಳಿದಳು.

ತತ್ತಿಯೇ ಆಕೆಯ ಅಳತೆಗೋಲು. ವಾರಕ್ಕೊಮ್ಮೆ ಡೋಣಿಯ ತವರಿನಿಂದ ಬುಟ್ಟಿ ತುಂಬ ಕೋಳಿ ತತ್ತಿ ತಂದು ಮುಂಡರಗಿ ಸಂತೆಯಲ್ಲಿ ಮಾರುತ್ತಿದ್ದಳು. ಬುಟ್ಟಿ ತೊಡೆಯ ಮೇಲೆ, ಆಕೆ ಬಾನೆಟ್ಟಿನ ಮೇಲೆ, ಕಾಲು ಮಾತ್ರ ಅಲ್ಲಿಲ್ಲದ ಬ್ರೇಕಿನ ಮೇಲೆ. ಗಂಡ ಬ್ರೇಕ್ ಒತ್ತಿದಾಗಲೆಲ್ಲ ಆಕೆಯೂ ಒತ್ತುವಳು.

ತನ್ವೀರ ದೊಡ್ಡವನಾಗಿ ವಾಯುಪಡೆ ಸೇರಿದ. ಇಪ್ಪತ್ತು ವರ್ಷ ಲಡಾಖಿನ ಹಿಮಗುಡ್ಡಗಳ ನಡುವೆ, ಅರುಣಾಚಲದ ಮೋಡಗಳ ಒಳಗೆ, ಗಡಿಯ ಸೈನಿಕರಿಗೆ ಹಿಟ್ಟು, ಬೇಳೆ, ಸೀಮೆಎಣ್ಣೆ ವಿಮಾನದಲ್ಲಿ ಹೊತ್ತೊಯ್ದ. ರಜೆಗೆ ಬಂದವನು ಎದೆಯ ಮೇಲಿನ ರೆಕ್ಕೆಯ ಬಿಲ್ಲೆ ತೋರಿಸಿದರೆ ಮೋತಿಬಿ ಕೇಳಿದ್ದು ಒಂದೇ.

"ಒಳಗ ಏನ್ ಹೇರ್ತೀರಿ?"

"ಸಾಮಾನು, ದಾದಿ. ಒಮ್ಮೊಮ್ಮೆ ಜವಾನರು."

"ಹಂಗಾರ ಲಾರಿ ಡ್ರೈವರ್ ಆದಿ ಅನ್ನು."

"ವಿಂಗ್ ಕಮಾಂಡರ್ ಅದೀನಿ!"

"ಇರ್ಲೇಳು. ನಿನ್ನ ಲಾರಿಯಾಗ ಮನಿ ಹೆಂಗಸರನ್ನ ಹತ್ತಿಸ್ಕೋತಾರೇನು?"

ಹತ್ತಿಸಿಕೊಳ್ಳುತ್ತಿರಲಿಲ್ಲ. ಮಾತು ಹಾಗೇ ಉಳಿಯಿತು.

ನಿವೃತ್ತನಾಗಿ ವಿಮಾನ ಕಂಪನಿ ಸೇರಿದಾಗ ಅವನಿಗೆ ನಲವತ್ಮೂರು. ಅದಕ್ಕೆ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಮಗಳು ಸಬೀನಾ ಹತ್ತನೆಯ ತರಗತಿಗೆ, ಅಪ್ಪ ಲೈಸೆನ್ಸಿಗೆ, ಒಂದೇ ಮೇಜಿನ ಎರಡು ತುದಿಯಲ್ಲಿ ತೂಕಡಿಸುತ್ತ ಓದಿದರು. ಮಗಳು ಮೊದಲು ಪಾಸಾದಳು. ಹೊಸ ನೌಕರಿಯಲ್ಲಿ ಅವನು ಬರೀ ಸಹ ಪೈಲಟ್. ಅವನ ಮೇಲಿನ ಕ್ಯಾಪ್ಟನ್ ಮಾಯಾ ಧಾರವಾಡದವಳು, ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಅದು ಅವನಿಗೆ ಒಂದಿಷ್ಟು ಚುಚ್ಚುತ್ತಿದ್ದದ್ದು ಖರೆ. ಆದರೆ ಫೋನಿನಲ್ಲಿ ಸುದ್ದಿ ಕೇಳಿದ ಮೋತಿಬಿ ಹಿಗ್ಗಿಹೋದಳು.

"ಲಾರಿ ಬಿಟ್ಟು ಬಸ್ಸಿಗೆ ಬಂದಿ! ಅಜ್ಜನ ನೌಕರಿ ಆತು."

ಅದೇ ವರ್ಷ ಜುಲೈ ತಿಂಗಳಲ್ಲಿ ಮೊಮ್ಮಗಳು ನಿಶಾತಳ ಮದುವೆಗೆಂದು ಎಂಬತ್ತಾರರ ಮೋತಿಬಿ ಗದಗಿನಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಳು. ವಾಪಸು ಹುಬ್ಬಳ್ಳಿಯವರೆಗೆ ತನ್ವೀರನ ವಿಮಾನ. ಜೊತೆಗೆ ಅವನ ಹೆಂಡತಿ ರೇಷ್ಮಾ. ಒಂದು ಸಲ ಕ್ಯಾಪ್ಟನ್, ಒಂದು ಸಲ ಸಹ ಪೈಲಟ್ ಹಾರಿಸುವುದು ಅಲ್ಲಿಯ ರೂಢಿ. ಹಳೆಯ ಮಾತಿನ ಕತೆ ಕೇಳಿದ್ದ ಮಾಯಾ ಮೊದಲೇ ಹೇಳಿಬಿಟ್ಟಳು: "ಹುಬ್ಬಳ್ಳಿ ಸರದಿ ನಿಮ್ದು ಸರ್. ನೀವ ಏರಸ್ರಿ, ನೀವ ಇಳಸ್ರಿ."

ಜನ ಹತ್ತುವಾಗ ಕಾಕ್‌ಪಿಟ್ಟಿನ ಬಾಗಿಲು ತೆರೆದಿತ್ತು. ಮೋತಿಬಿ ಇಣುಕಿದಳು. ಎಡಕ್ಕೆ ಮಾಯಾ, ಬಲಕ್ಕೆ ತನ್ವೀರ. ವಿಮಾನದಲ್ಲಿ ಕ್ಯಾಪ್ಟನ್ ಕೂರುವುದು ಎಡಕ್ಕೆ. ಆದರೆ ಮೋತಿಬಿ ಕಂಡ ಬಸ್ಸುಗಳಲ್ಲೆಲ್ಲ ಸ್ಟೇರಿಂಗ್ ಇದ್ದದ್ದು ಬಲಕ್ಕೆ.

"ಡ್ರೈವರ್ ಸೀಟಿನ್ಯಾಗ ಕುಂತಾನ ನೋಡ ರೇಷ್ಮಾ!" ಎಂದವಳೇ ಮಾಯಾಳತ್ತ ತಿರುಗಿ, "ನೀ ಕಂಡಕ್ಟರೇನವಾ?" ಎಂದಳು.

ತನ್ವೀರನ ಕಿವಿ ಕೆಂಪಾಯಿತು. ಮಾಯಾ ಮಾತ್ರ ತಲೆಯಾಡಿಸಿದಳು. "ಹೌದ್ರೀ ಅಮ್ಮಾ. ಟಿಕೆಟ್ ತಗಸೀರಿಲ್ಲೋ?"

"ತಗಸೇವಿ. ನೀ ಜಲ್ದಿ ಸೀಟಿ ಊದು."

ಬಾಗಿಲು ಮುಚ್ಚಿತು. ಅಜ್ಜ ಸ್ಟೇರಿಂಗ್ ಮುಟ್ಟಿ ಹೇಳುತ್ತಿದ್ದಂತೆಯೇ ತನ್ವೀರ ಮೆಲ್ಲಗೆ ಬಿಸ್ಮಿಲ್ಲಾ ಎಂದು ವಿಮಾನ ಏರಿಸಿದ. ಮೋತಿಬಿಯ ಹೊಟ್ಟೆಯ ನೀರು ಅಲುಗದಂತೆ ಏರಿಸಿದ.

ಹುಬ್ಬಳ್ಳಿ ಹತ್ತಿರವಾದಾಗ ಅಲ್ಲಿಂದ ಗಾಳಿಯ ಖಬರ ಬಂತು. ರನ್‌ವೇಗೆ ಅಡ್ಡಲಾಗಿ ಬೀಸುತ್ತಿತ್ತು. ಹೊಸ ಸಹ ಪೈಲಟ್ ಇಳಿಸಬಹುದಾದ ಮಿತಿಯನ್ನು ದಾಟಿತ್ತು. ಕ್ಯಾಪ್ಟನ್ನಿಗೆ ಅಡ್ಡಿಯಿರಲಿಲ್ಲ.

ಮಾಯಾ ಅವನ ಮುಖ ನೋಡಲಿಲ್ಲ. "ನೀವು ಇಳಸ್ತೀರಿ ಅಂತ ನನಗ ಗೊತ್ತೈತ್ರಿ ಸರ್. ಆದ್ರ ಕಾಯ್ದೆ..."

ಇದರ ದುಪ್ಪಟ್ಟು ಗಾಳಿಯಲ್ಲಿ ಇಳಿಸಿದ್ದೇನೆ ಎಂಬ ಮಾತು ತನ್ವೀರನ ನಾಲಿಗೆಯ ತುದಿಗೆ ಬಂತು. ಮೂವತ್ಮೂರು ವರ್ಷ ಕಾದ ಮುದುಕಿ ನಾಲ್ಕು ಹೆಜ್ಜೆ ಹಿಂದೆ ಕೂತಿದ್ದಳು. ಆಕೆಯ ಹಿಂದೆ ನೂರೆಪ್ಪತ್ತು ಜನ. ಅವನು ಆ ಮಾತನ್ನು ನುಂಗಿದ.

"ಕಂಟ್ರೋಲ್ ನಿಮ್ದು ಮೇಡಂ," ಎಂದು ಕೈ ತೆಗೆದ.

ಮಾಯಾ ಇಳಿಸಿದಳು. ಮೊದಲು ಒಂದು ಚಕ್ರ, ಆಮೇಲೆ ಇನ್ನೊಂದು, ಕೊನೆಗೆ ಮೂಗು. ನೆಲ ತಾಗಿದ್ದು ಎಷ್ಟೋ ಜನರಿಗೆ ತಿಳಿಯಲೇ ಇಲ್ಲ.

ಜನರೆಲ್ಲ ಇಳಿದ ಮೇಲೆ ಮೋತಿಬಿ ಕಾಕ್‌ಪಿಟ್ಟಿನ ಬಾಗಿಲಿಗೆ ಬಂದು ತನ್ವೀರನ ಮುಖ ನಿವಾಳಿಸಿ ನೆಟಿಗೆ ಮುರಿದಳು.

"ನಾನೂ ನಿನ್ನ ಕೂಡ ಬ್ರೇಕ್ ಒತ್ತಿದೆ ಬೇಟಾ! ಬುಟ್ಟಿ ಇದ್ದಿದ್ರ ಒಂದ ತತ್ತಿನೂ ಒಡೀತಿರಲಿಲ್ಲ. ಅಜ್ಜನ್ನ ಮೀರಿಸಿದಿ."

ಮಾಯಾ ಕಾಗದಗಳಲ್ಲಿ ತಲೆ ಹುದುಗಿಸಿದಳು. ಅವಳಂತೂ ಬಾಯಿ ಬಿಡುವವಳಲ್ಲ. ತನ್ವೀರ ಸುಮ್ಮನೆ ನಕ್ಕಿದ್ದರೂ ಸಾಕಿತ್ತು.

"ಇಳಿಸಿದ್ದು ನಾನಲ್ಲ, ದಾದಿ. ಇವ್ರು."

ಮೋತಿಬಿಯ ಕೈ ಗಾಳಿಯಲ್ಲೇ ನಿಂತಿತು. "ನಿನ್ನ ಕೈಲೆ ಆಗ್ತಿರಲಿಲ್ಲೇನು?"

"ಆಗ್ತಿತ್ತು. ಗಾಳಿ ಜೋರಿತ್ತು. ಇಂಥಾ ಗಾಳಿಯಾಗ ಹೊಸಬರು ಇಳಸಬಾರದು ಅಂತ ಕಾಯ್ದೆ ಐತಿ. ಬಿಟ್ಟುಕೊಟ್ಟೆ."

ಆಕೆ ಕೈ ಕೆಳಗಿಳಿಸಿದಳು. "ನಿಮ್ಮಜ್ಜಗ ಒಮ್ಮೆ ಕಣ್ಣಬ್ಯಾನಿ ಬಂದಿತ್ತು. ಇನ್ನೊಬ್ಬ ಡ್ರೈವರ್ ತಿರಕಪ್ಪ, 'ಇವತ್ತೊಂದಿನ ನಾ ಓಡಸ್ತೀನಿ ಕೊಡೋ' ಅಂದ್ರೂ ಕೊಡಲಿಲ್ಲ. ಡೋಣಿ ದಾಟೂದ್ರಾಗ ಬಸ್ಸು ಹತ್ತಿ ಹೊಲದಾಗ ಇಳೀತು. ಮಂದಿಗೆ ಏನೂ ಆಗಲಿಲ್ಲ, ಖರೆ ನನ್ನ ಬುಟ್ಟಿಯಾಗ ಒಂದ ತತ್ತಿ ಉಳೀಲಿಲ್ಲ! ಎಂಟು ದಿನ ಮಾತು ಬಿಟ್ಟಿದ್ದೆ."

"ನಮಗ ಇದನ್ನ ಯಾರೂ ಹೇಳೇ ಇಲ್ಲಲ್ಲ!"

"ಹೆಂಗ ಹೇಳ್ತಾನ ನಿಮ್ಮಜ್ಜ?" ಎಂದು ಮೋತಿಬಿ ನಕ್ಕಳು. ನಕ್ಕು ನಕ್ಕು ರೇಷ್ಮಾಳ ಭುಜ ಹಿಡಿದಳು. ಆಮೇಲೆ ಮಾಯಾಳತ್ತ ಬಾಗಿ, ಅವಳ ಮುಖವನ್ನೂ ನಿವಾಳಿಸಿ ನೆಟಿಗೆ ಮುರಿದಳು.

"ಕಂಡಕ್ಟರ್ ಇಷ್ಟು ಚಂದ ಓಡಿಸಿದ್ದು ನಾ ಎಲ್ಲೂ ನೋಡಿಲ್ಲವಾ!"

ಏರಿಸಿದವನು ತನ್ವೀರ, ಇಳಿಸಿದವಳು ಮಾಯಾ. ಕೊಟ್ಟ ಮಾತು ಮುರಿಯಿತು.