ಮದುವೆ ಹಾಲಿನ ಗೋಲ್‌ಕೀಪರ್

ಮದುವೆ ಮನೆಗಳಲ್ಲಿ ಕ್ಯಾಮರಾ ಹಿಡಿದು ‘ಸ್ಮೈಲ್, ಇನ್ನೊಂಚೂರು ಸ್ಮೈಲ್’ ಅಂತ ಇಪ್ಪತ್ತೆರಡು ವರ್ಷ ಜನರ ಪ್ರಾಣ ತಿಂದಿದ್ದಕ್ಕೆ ಅವನಿಗೆ ಸ್ಮೈಲಣ್ಣ ಅನ್ನೋ ಹೆಸರೇ ಗಟ್ಟಿಯಾಗಿತ್ತು. ಪಾಪ, ಆ ವರ್ಷ ಅವನ ಮುಖದಲ್ಲೇ ಸ್ಮೈಲ್ ಇರಲಿಲ್ಲ. ದೇಶಕ್ಕೆಲ್ಲ ಅಂಟುಕಾಯಿಲೆ ಬಂದು, ಎಲ್ಲೆಲ್ಲೂ ಬೀಗ ಬಿದ್ದು ಮದುವೆಗಳು ನಿಂತವು. ಹೆಂಡತಿ ಕಂಡಕ್ಟರ್ ಆಗಿದ್ದ ಬಸ್ಸು ಡಿಪೋದಲ್ಲಿ ನಿಂತಿತು. ಮಗಳ ಹಾಕಿ ನಿಂತಿತು. ನಿಲ್ಲದೆ ಓಡ್ತಿದ್ದುದು ಅವನ ತಾಯಿಯ ಬಾಯಿ ಒಂದೇ.

ಮಗಳು ಗೋಲ್‌ಕೀಪರ್. ಹನ್ನೆರಡನೇ ಕ್ಲಾಸು ಮುಗಿಸುವ ಹೊತ್ತಿಗೆ ಮೂರು ಕಾಲೇಜಿನವರು ಅವಳನ್ನು ಕರೆದಿದ್ದರು. ಒಂದು ಕಾಲೇಜಿನಲ್ಲಿ ಹಾಕಿ ತಂಡವನ್ನೇ ಮುಚ್ಚಿಬಿಟ್ಟರು. ಇನ್ನೊಂದರಲ್ಲಿ ಫೋನೇ ಎತ್ತುತ್ತಿರಲಿಲ್ಲ. ಮೂರನೆಯದು ಅವಳು ಚಿಕ್ಕಂದಿನಿಂದ ಕನಸು ಕಂಡ ಕಾಲೇಜು, ಒಂದು ಹಗಲಿನ ರೈಲು ದೂರ. ಅಲ್ಲಿ ಆ ವರ್ಷದ ಪಂದ್ಯಗಳು ರದ್ದಾಗಿ, ಓದು ಮುಗಿಸಿ ಹೋಗಬೇಕಿದ್ದ ಸೀನಿಯರ್‌ಗಳಿಗೆಲ್ಲ ಇನ್ನೊಂದು ವರ್ಷ ಆಡೋ ಅವಕಾಶ ಕೊಟ್ಟಿದ್ದರು. ಅವರೆಲ್ಲ ಜಾಗ ಬಿಡದೆ ಝಂಡಾ ಊರಿಬಿಟ್ಟರು. ಉಳಿದದ್ದು ಒಂದೇ ಒಂದು ಗೋಲ್‌ಕೀಪರ್ ಸೀಟು. ಅದಕ್ಕೆ ನಲವತ್ತು ಹುಡುಗಿಯರು ಕಾಯುತ್ತಿದ್ದರು.

ಮನೆಯಲ್ಲಿ ದಿನಾ ಇದೇ ಪಂಚಾಯ್ತಿ. ಅವನ ಭಾವಮೈದ ಫೋನಿನಲ್ಲೇ ಮೂಗು ತೂರಿಸಿದ: “ಭಾವ, ನಮ್ಮ ಆಫೀಸಿಗೆ ಸೇರಿಸಿಬಿಡಿ. ಹಾಕಿ ಟೀಮೂ ಇದೆ.” ಆ ಟೀಮಿನ ಫಾರ್ವರ್ಡಿಗೆ ಐವತ್ತೊಂದು ವರ್ಷ, ಎರಡೂ ಮಂಡಿ ಆಪರೇಷನ್ ಆಗಿದೆ. ಹೆಂಡತಿ, “ಇಲ್ಲೇ ಮೂಲೆ ಕಾಲೇಜಿಗೆ ಹೋಗಲಿ” ಅಂದಳು. ಅಲ್ಲಿ ಕ್ರೀಡೆ ಅಂದರೆ ಕೇರಂ, ಅದಕ್ಕೂ ಸ್ಟ್ರೈಕರ್ ಕಳೆದುಹೋಗಿದೆ. ಅಜ್ಜಿ, “ಒಂದು ವರ್ಷ ಮನೇಲಿ ತಿಂದುಂಡು ಇರಲಿ ಬಿಡ್ರೋ” ಅಂದಳು. ಸ್ಮೈಲಣ್ಣ ಮಾತ್ರ ಒರೆಸಿದ ಲೆನ್ಸನ್ನೇ ಮತ್ತೆ ಮತ್ತೆ ಒರೆಸುತ್ತ ಕೂತಿದ್ದ.

ಅಷ್ಟರಲ್ಲಿ ಆ ಮೂರನೇ ಕಾಲೇಜಿನ ಕೋಚ್ ಮೇಡಂ ಫೋನು ಮಾಡಿದರು. ಆಯ್ಕೆಗೆ ಯಾರನ್ನೂ ಕರೆಸುವ ಹಾಗಿಲ್ಲ, ಎಲ್ಲರೂ ವಿಡಿಯೋ ಕಳಿಸಬೇಕು, ಕ್ಯಾಮರಾ ಗೋಲಿನ ಹಿಂದೆ ಇರಬೇಕು ಅಂದರು.

ವಿಡಿಯೋ! ಸ್ಮೈಲಣ್ಣನ ಎದೆ ಎರಡಿಂಚು ಉಬ್ಬಿತು. “ನಲವತ್ತು ಜನರಲ್ಲಿ ಯಾರ ಅಪ್ಪ ವಿಡಿಯೋದವನು, ಹೇಳು? ಸೀಟು ಸಿಕ್ತು ಅಂತಲೇ ತಿಳ್ಕೊ” ಅಂದ.

ಮೈದಾನಗಳಿಗೆಲ್ಲ ಬೀಗ. ಆದರೆ ಸ್ಮೈಲಣ್ಣನಿಗೆ ಪರಿಚಯದ ಮದುವೆ ಹಾಲ್ ಒಂದಿತ್ತು. ಅದರ ವಾಚ್‌ಮನ್ ಬೀಗದ ಕೈಯನ್ನು ಗೇಟಿನ ಮೇಲಿಟ್ಟು ಮಾರು ದೂರ ಸರಿದು ನಿಂತ. ಒಳಗೆ ಐನೂರು ಕುರ್ಚಿ ಗೋಡೆಗೆ ಒರಗಿದ್ದವು. ವಧೂವರರು ನಿಲ್ಲುವ ಹೂವಿನ ಕಮಾನೇ ಗೋಲು. ಹಿಂದೆ ಬಲೆಯ ಬದಲು ಜರಿ ಪರದೆ. ಬಾಲ್ ಹೊಡೆಯೋಕೆ ಹೆಂಡತಿ. ನೂಕುನುಗ್ಗಲ ಬಸ್ಸಿನಲ್ಲಿ ಹದಿನೆಂಟು ವರ್ಷ ಟಿಕೆಟ್ ಹರಿದ ಕೈ, ಹೊಡೆತ ಅಂದರೆ ಹೊಡೆತ. ಡಿಫೆಂಡರ್ ಬೇಕಲ್ಲ? ಅಜ್ಜಿಯ ಕೈಗೊಂದು ಸ್ಟಿಕ್ ಕೊಟ್ಟು ನಿಲ್ಲಿಸಿದರು.

“ನಿಲ್ಲೋದಕ್ಕೇನು, ನಿಲ್ತೀನಿ. ಓಡು ಅಂದ್ರೆ ಮಾತ್ರ ನಿಮ್ಮನ್ನೆಲ್ಲ ಓಡಿಸ್ತೀನಿ” ಅಂದಳು ಅಜ್ಜಿ.

ಸ್ಮೈಲಣ್ಣ ಮೇಡಂ ಹೇಳಿದ ಹಾಗೆ ಒಂದು ಕ್ಯಾಮರಾವನ್ನು ಪರದೆಯ ಸಂದಿಯಲ್ಲಿ, ಗೋಲಿನ ಹಿಂದೆ ಇಟ್ಟ. ಆದರೆ ಅಲ್ಲಿಂದ ಕಾಣೋದು ಮಗಳ ಬೆನ್ನು. ಬೆನ್ನು ತೆಗೆಯೋಕೆ ಇವನೇ ಬೇಕಾ? ಅದಕ್ಕೇ ಎದುರುಗಡೆ ಇನ್ನೊಂದು ಒಳ್ಳೇ ಕ್ಯಾಮರಾ ಇಟ್ಟುಕೊಂಡ.

“ಪುಟ್ಟಾ, ಆ ಹೆಲ್ಮೆಟ್ ತೆಗಿ. ಮುಖಾನೇ ಕಾಣಲ್ಲ.”

“ಅಪ್ಪಾ, ಹೆಲ್ಮೆಟ್ ತೆಗೆದ್ರೆ ಆಮೇಲೆ ಮುಖಾನೇ ಇರಲ್ಲ!”

ಎರಡು ಗಂಟೆ ಆಡಿದರು. ಮಗಳು ಆಡಿದ್ದಕ್ಕಿಂತ ಕಿರುಚಿದ್ದೇ ಹೆಚ್ಚು. “ಅಜ್ಜೀ, ಎಡಕ್ಕೆ! ಇನ್ನೂ ಎಡಕ್ಕೆ! ಅಮ್ಮನ್ನ ಬಿಡಬೇಡ! ಸ್ಟಿಕ್ ಕೆಳಗೆ!” ಅಜ್ಜಿ ಗೊಣಗುತ್ತಲೇ ಸರಿದಳು. ಅದೇ ಅಜ್ಜಿ ಮನೆಯಲ್ಲಿ ಯಾರು ಏನು ಹೇಳಿದರೂ ಕೂತಲ್ಲಿಂದ ಅಲುಗಾಡುವ ಹೆಂಗಸಲ್ಲ.

ಸ್ಮೈಲಣ್ಣ ಎರಡು ದಿನ ಕಂಪ್ಯೂಟರಿನ ಮುಂದೆ ಕೂತ. ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಧಾರೆ ಎರೆದ. ಶುರುವಿನಲ್ಲೇ ಮಗಳ ಹೆಸರು ಚಿನ್ನದ ಅಕ್ಷರಗಳಲ್ಲಿ ತೇಲಿ ಬಂತು. ಹೆಲ್ಮೆಟ್ಟಿನ ಜಾಲರಿಯೊಳಗಿನ ಅವಳ ಕಣ್ಣು ನಿಧಾನವಾಗಿ ಮಿಟುಕಿತು. ಅವಳು ಹಾರಿದಳು, ಹಾರುತ್ತಲೇ ಇದ್ದಳು, ಮೇಲಿಂದ ಗುಲಾಬಿ ದಳ ಉದುರಿದವು. ಹೆಣ್ಣುಮಗಳು ಹಾಗೆಲ್ಲ ಅರಚೋದು ಚೆನ್ನಾಗಿರಲ್ಲ ಅಂತ ಅವಳ ದನಿ ತೆಗೆದು ಪಿಟೀಲು ಹಾಕಿದ. ಕೊನೆಗೆ ಹೃದಯದಾಕಾರದ ಚೌಕಟ್ಟಿನಲ್ಲಿ ಚಿತ್ರ ಮುಚ್ಚಿಕೊಂಡಿತು. ನಾಲ್ಕು ನಿಮಿಷದ ಚಿತ್ರ, ಯಾವ ಮದುವೆ ಸೀಡಿಗಿಂತಲೂ ಚೊಕ್ಕ ಕೆಲಸ. ನೋಡಿ ಅವನ ಕಣ್ಣೇ ಒದ್ದೆಯಾಯಿತು. ಮಗಳಿಗೂ ತೋರಿಸದೆ ಕಳಿಸಿಬಿಟ್ಟ.

ಮರುದಿನ ಬೆಳಗ್ಗೆ ಮೇಡಂ ಫೋನು ಬಂತು. ಮನೆಯವರೆಲ್ಲ ಸುತ್ತ ಸೇರಿದರು.

“ಸರ್, ವಿಡಿಯೋ ನೋಡಿದೆ. ತುಂಬಾ ಚೆನ್ನಾಗಿದೆ.”

ಸ್ಮೈಲಣ್ಣ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ.

“ಎರಡೇ ಅನುಮಾನ. ಒಂದು, ಬಾಲ್ ಎಲ್ಲಿ? ಎರಡು, ಮದುಮಗ ಯಾರು?”

ಅವನ ಮುಖ ಹುಳ್ಳಗಾಯಿತು. ಮಗಳು ವಿಡಿಯೋ ಹಾಕಿಸಿ ನೋಡಿದಳು. ಗುಲಾಬಿ ದಳದ ಹತ್ತಿರ ಬಂದಾಗ ತಲೆ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತುಬಿಟ್ಟಳು. “ಹೋಯ್ತು. ನನ್ನ ಸೀಟು ಹೋಯ್ತು” ಅಂತ ಬಿಕ್ಕಿದಳು. ಅಜ್ಜಿ ಮಾತ್ರ, “ನಾನೆಲ್ಲೋ? ಎರಡು ಗಂಟೆ ನಿಂತಿದೀನಿ, ಒಂದು ಕಡೆನೂ ಇಲ್ಲವಲ್ಲೋ!” ಅಂತ ಮಗನ ಮೇಲೆ ಹರಿಹಾಯ್ದಳು.

ಮೇಡಂ ಒಳ್ಳೆಯವರು, ಇನ್ನೊಂದು ಅವಕಾಶ ಕೊಟ್ಟರು. ಗೋಲಿನ ಹಿಂದಿನ ಕ್ಯಾಮರಾದ್ದು ಪೂರ್ತಿ ಬೇಕು, ಸಂಜೆ ಐದರೊಳಗೆ ಬೇಕು, ಮೊದಲಿಂದ ಕೊನೆಯವರೆಗೆ ಒಂದು ಸೆಕೆಂಡೂ ಕತ್ತರಿಸಿರಬಾರದು, ದನಿಯೂ ಇದ್ದ ಹಾಗೇ ಇರಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ಕತ್ತರಿ ಹಾಕದ ವಿಡಿಯೋಗೆ ಆ ಕಸುಬಿನವರು ‘ರಾ’ ಅಂತಾರೆ. ರಾ ಯಾವತ್ತೂ ಸ್ಟುಡಿಯೋದ ಹೊಸ್ತಿಲು ದಾಟಬಾರದು. ದಾಟಿದರೆ ಸಂಸಾರಗಳು ಉಳಿಯಲ್ಲ. ವರನ ಅಕ್ಕ ವಧುವಿನ ಮೂಗಿನ ಬಗ್ಗೆ ಅಂದದ್ದು, ಮಾವ ಊಟದ ಸಾಲಿನಲ್ಲಿ ಬೈದದ್ದು, ಎಲ್ಲ ಅದರಲ್ಲಿರುತ್ತೆ. ಕಾಲು ಹಿಡಿದವರಿಗೂ ಸ್ಮೈಲಣ್ಣ ರಾ ಕೊಟ್ಟವನಲ್ಲ. ಈಗ ಸ್ವಂತ ಮನೆಯದನ್ನೇ ಕೊಡಬೇಕು!

ಕಳಿಸುವ ಮುಂಚೆ ಒಂದು ಸಲ ನೋಡೋಣ ಅಂತ ಮಧ್ಯಾಹ್ನ ಸ್ಟುಡಿಯೋದ ಬಾಗಿಲು ಹಾಕಿಕೊಂಡು ಕೂತ. ಮಗಳ ಬೆನ್ನು, ಬರುವ ಬಾಲ್, ಅಜ್ಜಿಯ ಗೊಣಗಾಟ, ಹೆಂಡತಿಯ ಕಂಡಕ್ಟರ್ ಸೀಟಿ. ಒಂದು ಗಂಟೆ ಹನ್ನೆರಡನೇ ನಿಮಿಷದಲ್ಲಿ ಅವನೇ ಆ ಕ್ಯಾಮರಾದ ಬ್ಯಾಟರಿ ನೋಡೋಕೆ ಪರದೆಯ ಹಿಂದೆ ಬಂದಿದ್ದ. ತನ್ನಷ್ಟಕ್ಕೆ ತಾನು ಪಿಸುಗುಟ್ಟಿದ್ದ. ಮೈಕು ಅದನ್ನೂ ಬಿಟ್ಟಿರಲಿಲ್ಲ.

“ದೇವರೇ, ಆ ಮೇಡಂ ಬೇಡ ಅಂದುಬಿಡಲಿ. ಇನ್ನೊಂದು ವರ್ಷ ನನ್ನ ಮಗಳು ಮನೇಲೇ ಇರಲಿ.”

ಸ್ಮೈಲಣ್ಣನ ಜೀವ ಬಾಯಿಗೆ ಬಂತು. ತಾನು ಹಾಗಂದದ್ದು ಅವನಿಗೇ ಮರೆತುಹೋಗಿತ್ತು. ಹಾಗಾದರೆ ಆ ಪಿಟೀಲು, ಆ ಗುಲಾಬಿ, ಬೇಕೂಂತಲೇ ಹಾಳು ಮಾಡಿದೆನಾ? ಇಲ್ಲ, ಆಣೆಗೂ ಇಲ್ಲ, ಜೀವ ತೇದು ಮಾಡಿದ್ದು. ಆದರೂ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಐದೇ ಸೆಕೆಂಡಿನ ಮಾತು. ತೆಗೆದರೆ ಮೇಡಂಗಿರಲಿ, ಮೇಡಂನ ಅಜ್ಜನಿಗೂ ಗೊತ್ತಾಗದ ಹಾಗೆ ತೆಗೆಯಬಲ್ಲ. ಬೆರಳು ಕೀ ಮೇಲೆ ಎಷ್ಟೋ ಹೊತ್ತು ಇತ್ತು. ನಾಲ್ಕು ಮುಕ್ಕಾಲಿಗೆ ರಾ ಹೇಗಿತ್ತೋ ಹಾಗೇ ಹೋಯಿತು.

ಎರಡು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮೂರನೇ ದಿನ ಫೋನು. ಸ್ಪೀಕರ್ ಹಾಕಿದರು.

“ಸೀಟು ನಿಮ್ಮ ಹುಡುಗೀದೇ” ಅಂದರು ಮೇಡಂ. “ಬಾಲ್ ತಡೆಯೋರು ಬೇಕಾದಷ್ಟು ಜನ ಇದ್ದರು. ಗೋಲ್‌ಕೀಪರಿಗೆ ಅರ್ಧ ಕೆಲಸ ಬಾಯಲ್ಲಿ. ಎಲ್ಲರನ್ನೂ ಅವಳು ತಾನೇ ಹಿಂದಿನಿಂದ ನೋಡ್ತಿರೋದು? ಆ ಅಜ್ಜೀನ ಎರಡು ಗಂಟೆ ಸರಿಯಾದ ಜಾಗದಲ್ಲಿ ನಿಲ್ಲಿಸಿದಾಳಲ್ಲ, ನನ್ನ ಡಿಫೆಂಡರ್‌ಗಳು ನನ್ನ ಮಾತೇ ಅಷ್ಟು ಕೇಳಲ್ಲ. ಈ ವರ್ಷ ಪಂದ್ಯ ಇಲ್ಲ, ಬರೀ ಅಭ್ಯಾಸ. ಮೂರು ವಾರದಲ್ಲಿ ಹಾಸ್ಟೆಲಿಗೆ ಬರಲಿ.”

ಹೆಂಡತಿ ಸಂತೋಷಕ್ಕೆ ಸೀಟಿ ಊದಿಯೇಬಿಟ್ಟಳು. ಅಜ್ಜಿ, “ನನಗೂ ಸೀಟು ಇದೆಯಾ ಕೇಳ್ರೋ” ಅಂದಳು.

“ಇನ್ನೊಂದು ವಿಷಯ, ಸರ್” ಅಂದರು ಮೇಡಂ. “ಒಂದು ಗಂಟೆ ಹನ್ನೆರಡು ನಿಮಿಷ ಆದಮೇಲೆ ಅವಳು ಒಂದೇ ಒಂದು ಬಾಲೂ ಒಳಗೆ ಬಿಟ್ಟಿಲ್ಲ. ಯಾಕೆ ಅಂತ ನಾನು ಕೇಳಲ್ಲ.” ಫೋನಿಟ್ಟರು.

“ಯಾಕ್ರೀ? ಅಲ್ಲೇನಾಯ್ತು?” ಅಂದಳು ಹೆಂಡತಿ. ಸ್ಮೈಲಣ್ಣ ಬ್ಯಾಟರಿ ಚಾರ್ಜಿಗೆ ಹಾಕಬೇಕು ಅಂತ ಏನೋ ಹೇಳಿ ಸ್ಟುಡಿಯೋ ಸೇರಿಕೊಂಡ. ಮಗಳು ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು.

“ನೀನು ನನ್ನಿಂದ ನಾಲ್ಕಡಿ ದೂರದಲ್ಲಿದ್ದೆ ಅಪ್ಪ. ಹೆಲ್ಮೆಟ್ ಹಾಕ್ಕೊಂಡ್ರೆ ಕಿವುಡಿ ಆಗ್ತೀನಾ?”

ಅವನು ಚಾರ್ಜರಿನ ವೈರು ಸುತ್ತತೊಡಗಿದ.

“ಎಷ್ಟು ಸಿಟ್ಟು ಬಂತು ಗೊತ್ತಾ? ಆ ಸಿಟ್ಟಲ್ಲೇ ಒಂದನ್ನೂ ಬಿಡಲಿಲ್ಲ. ಆದ್ರೆ ಅದನ್ನ ನೀನು ತೆಗೆದುಬಿಡ್ತೀಯ ಅಂದ್ಕೊಂಡಿದ್ದೆ. ಜನ ಆಕಳಿಸಿದ್ದನ್ನೂ ತೆಗೆಯೋನು ನೀನು. ಯಾಕೆ ಬಿಟ್ಟೆ?”

“ನಿಜಾನೇ ಅಲ್ವೇನಮ್ಮ ಅದು” ಅಂದ ಸ್ಮೈಲಣ್ಣ. “ನೀನು ಹೋಗೋದು ನನಗೆ ಸುತರಾಂ ಇಷ್ಟ ಇಲ್ಲ. ನೀನು ಹೋಗಲೇಬೇಕು ಅನ್ನೋದೂ ಅಷ್ಟೇ ನಿಜ. ಕಳಿಸದೆ ಇರೋಕೂ ಆಗಲಿಲ್ಲ, ಸುಳ್ಳು ಹೇಳಿ ಕಳಿಸೋಕೂ ಆಗಲಿಲ್ಲ.”

ಮಗಳು ಅವನ ಹೆಗಲಿಗೆ ತಲೆ ಆನಿಸಿದಳು. ಸ್ವಲ್ಪ ಹೊತ್ತು ಇಬ್ಬರೂ ಮೂಗೊರೆಸಿಕೊಂಡರು.

“ಇನ್ನೂ ಮೂರು ವಾರ ಇದೆಯಲ್ಲಪ್ಪ” ಅಂದಳು.

“ಮೂರು ವಾರ ಎಲ್ಲಿ ಸಾಲುತ್ತೆ ಕಣೇ” ಅಂದ ಅವನು.