ಮಟೋಕೆಯ ಕಪಾಟು

ಆರುನೂರ ಮೂವತ್ತಮೂರಕ್ಕೂ ಆರುನೂರ ಮೂವತ್ತನಾಲ್ಕಕ್ಕೂ ಇರುವ ವ್ಯತ್ಯಾಸ ಬರೀ ಒಂದು ಎಂದು ನಂಬಿಕೊಂಡವರು ಬದುಕಿನ ಗಂಭೀರ ಪ್ರಶ್ನೆಗಳ ಹತ್ತಿರಕ್ಕೂ ಸುಳಿದವರಲ್ಲ. ಗ್ರಂಥಾಲಯದ ಲೆಕ್ಕದಲ್ಲಿ ಮೊದಲನೆಯದು ಹೊಲದ ಬೆಳೆ, ಎರಡನೆಯದು ಹಣ್ಣಿನ ತೋಟ. ಅಲ್ಲಿ ಮುಸುಕಿನ ಜೋಳ, ರಾಗಿ, ಮರಗೆಣಸು. ಇಲ್ಲಿ ಮಾವು, ಕಿತ್ತಳೆ, ಅನಾನಸ್. ಮಸಾಕಾ ದಾರಿಯ ಒಂದು ಪುಟ್ಟ ಪೇಟೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಎಪ್ಪತ್ತೆರಡು ಪುಟದ ತೆಳುವಾದ ಪುಸ್ತಕವೊಂದು ಎರಡನೆಯ ಕಡೆಯಿಂದ ಮೊದಲನೆಯ ಕಡೆಗೆ ಬಂತು. ದೂರ ಅಳೆದರೆ ಒಂದು ಮಾರು. ಅದನ್ನು ಎತ್ತಿಟ್ಟವಳು ಪ್ರೊಸ್ಕೋವಿಯಾ ನಮುದ್ದು. ಎತ್ತಿಟ್ಟಾಗ ಅವಳಿಗೆ ಇಪ್ಪತ್ತಾರು ವಯಸ್ಸು, ಮತ್ತು ಕಳೆದುಕೊಳ್ಳುವುದಕ್ಕೆ ಒಂದು ಕೆಲಸವಿತ್ತು.

ನಮುದ್ದು ಕಂಪಾಲದಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ತರಗತಿಯ ಕೊನೆಯ ವರ್ಷದಲ್ಲಿದ್ದಳು. ತರಗತಿಯಲ್ಲಿ ಹದಿನಾಲ್ಕು ಜನ. ಆರು ತಿಂಗಳು ಕಳೆಯುವಷ್ಟರಲ್ಲಿ ಹದಿನಾಲ್ಕು ಜನಕ್ಕೂ ಒಂದೇ ಕಾಯಿಲೆ ಹತ್ತಿತ್ತು: ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅಂಕಿ ಹಚ್ಚುವುದು. ಹಾಸ್ಟೆಲಿನ ವಾರ್ಡನ್ ಬರುತ್ತಿದ್ದರೆ ನೈಸರ್ಗಿಕ ವಿಕೋಪದ ಅಂಕಿಯನ್ನು ಪಿಸುಗುಟ್ಟಿ ಚದುರುತ್ತಿದ್ದರು. ಯಾರಾದರೂ ಪ್ರೇಮದ ಸುದ್ದಿ ತಂದರೆ ಅದು ಕಾದಂಬರಿಗೆ ಸೇರಬೇಕೋ ಇತಿಹಾಸಕ್ಕೋ ಎಂದು ಗೇಟಿನ ಮುಂದೆ ಮೊಟ್ಟೆ ಸುತ್ತಿದ ಚಪಾತಿ ತಿನ್ನುತ್ತಾ ವಾದಿಸುತ್ತಿದ್ದರು. ಇಷ್ಟೊಂದು ನಗುವ ತರಗತಿಯನ್ನು ತಾವು ಕಂಡಿಲ್ಲವೆಂದು ಡಾ. ಒಕಿರೋರ್ ಹೇಳಿದ್ದರು. ಅದನ್ನವರು ಹೊಗಳಿಕೆಯಾಗಿ ಹೇಳಿರಲಿಲ್ಲ.

ಡಾ. ಒಕಿರೋರ್ ವರ್ಗೀಕರಣ ಕಲಿಸುತ್ತಿದ್ದರು. ಪೂರ್ವದ ಸೊರೋಟಿಯವರು, ತೆಳ್ಳಗೆ, ಉದ್ದಕ್ಕೆ, ಸದಾ ಟೈ. ಅಂಕಿಗಳ ದಪ್ಪ ಸಂಪುಟವನ್ನು ಪಾದ್ರಿಯೊಬ್ಬ ಬೈಬಲ್ ಹಿಡಿಯುವಂತೆ ಕಂಕುಳಲ್ಲಿ ಹಿಡಿದೇ ಓಡಾಡುವವರು. ಅವರ ಒಂದು ಮಾತು ವಿದ್ಯಾರ್ಥಿಗಳ ತಲೆಮಾರುಗಳನ್ನು ದಾಟಿ ಬಂದಿತ್ತು: "ಗ್ರಂಥಪಾಲಕನ ಅಭಿಪ್ರಾಯ ಅಂದ್ರೆ ಚಹಾದಲ್ಲಿ ಬಿದ್ದ ನೊಣ. ಮೊದಲು ಅದನ್ನ ತೆಗೀರಿ, ಆಮೇಲೆ ಮಾತಾಡೋಣ."

ಪದವಿಗೆ ಮುಂಚಿನ ಕೊನೆಯ ಗಂಡಾಂತರವೆಂದರೆ ಹತ್ತು ವಾರ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡಬೇಕು. ಹತ್ತನೆಯ ವಾರ ಒಕಿರೋರ್ ಸಂಪುಟದ ಸಮೇತ ಬರುತ್ತಾರೆ. ಕೈಗೆ ಸಿಕ್ಕ ಪುಸ್ತಕ ತೆಗೆಯುತ್ತಾರೆ. ಅದರ ಬೆನ್ನಿನ ಅಂಕಿ ಸಂಪುಟದಲ್ಲಿದ್ದ ಹಾಗೆ ಇಲ್ಲದಿದ್ದರೆ ಇನ್ನೂ ಹತ್ತು ವಾರ. ಹಿಂದೊಬ್ಬ ಹೀಗೆ ಮೂರು ಸಲ ಹತ್ತು ವಾರ ಕಳೆದು, ಆ ಊರಿನಲ್ಲೇ ಮದುವೆಯಾಗಿ, ಹಂದಿ ಸಾಕಿಕೊಂಡು ನೆಮ್ಮದಿಯಾಗಿದ್ದಾನೆ ಎಂದು ಪ್ರತೀತಿ.

ನಮುದ್ದುವಿಗೆ ಹಂದಿ ಬೇಕಿರಲಿಲ್ಲ. ಮಸಾಕಾ ದಾರಿಯ ಆ ಪೇಟೆಯ ಗ್ರಂಥಾಲಯವೇ ಬೇಕಾಗಿತ್ತು; ಹತ್ತು ವಾರಕ್ಕೂ ಅದನ್ನೇ ಕೇಳಿ ಪಡೆದಿದ್ದಳು. ಎರಡು ಕೋಣೆ, ತಗಡಿನ ಸೂರು, ಹನ್ನೊಂದು ಕಪಾಟು. ಅವನ್ನೆಲ್ಲ ಮೂವತ್ತು ವರ್ಷದಿಂದ ಕಾಯುತ್ತಿದ್ದವರು ಮುಝೇ ಸೆಕಿತ್ತೊ. ಮುಝೇ ಎಂದು ಹಿರಿಯರನ್ನೆಲ್ಲ ಕರೆಯುತ್ತಾರಾದರೂ ಸೆಕಿತ್ತೊ ಇಪ್ಪತ್ತನೆಯ ವಯಸ್ಸಿನಿಂದಲೇ ಮುಝೇ ಆಗಿದ್ದರೆಂದು ಪೇಟೆಯವರು ಹೇಳುತ್ತಾರೆ. ಜುಲೈ ಕೊನೆಗೆ ಅವರ ನಿವೃತ್ತಿ. ಆಗಸ್ಟ್ ಒಂದರೊಳಗೆ ಪದವಿ ಕೈಗೆ ಬಂದರೆ ಆ ಜಾಗ ನಮುದ್ದುವಿಗೆ. ಇಲ್ಲವಾದರೆ ಪಶುವೈದ್ಯ ಇಲಾಖೆಯ ಒಬ್ಬ ಗುಮಾಸ್ತನಿಗೆ. ಅವನಿಗೆ ಪುಸ್ತಕದ ಮೇಲೆ ಪ್ರೀತಿಯೇನೂ ಇರಲಿಲ್ಲ. ದನ ಕಂಡರೆ ಸೀನು ಬರುತ್ತಿತ್ತು, ಅಷ್ಟೆ. ಸೆಕಿತ್ತೊ ಅವರ ಸೊಂಟದ ಬೀಗದಕೈ ಗೊಂಚಲು ಸದ್ದು ಮಾಡಿದಾಗಲೆಲ್ಲ ನಮುದ್ದುವಿನ ಕಿವಿ ಆ ಕಡೆಗೆ ತಿರುಗುತ್ತಿತ್ತು.

ಎರಡನೆಯ ವಾರ ನಾಲೋಂಗೊ ಬಂದಳು. ಅವಳ ನಿಜವಾದ ಹೆಸರು ಊರಿಗೆ ಮರೆತುಹೋಗಿತ್ತು. ಅವಳಿ ಹೆತ್ತವಳನ್ನು ಆ ಸೀಮೆಯಲ್ಲಿ ನಾಲೋಂಗೊ ಎನ್ನುತ್ತಾರೆ, ಅದೊಂದು ಬಿರುದು, ಅವಳದನ್ನು ಬಿರುದಿನಂತೆಯೇ ಹೊರುತ್ತಿದ್ದಳು. ಪಕ್ಕದ ಸಂತೆಕಟ್ಟೆಯಲ್ಲಿ ಬಾಳೆಗೊನೆ ಮಾರುವ ಹೆಂಗಸರಿಗೆ ಅವಳೇ ಮುಖಂಡೆ. ಅವಳ ಬಾಳೆತೋಟಕ್ಕೆ ಬಾಡುರೋಗ ಬಿದ್ದಿತ್ತು. ಕಾಲಿನ ಕೆಸರನ್ನು ಬಾಗಿಲಲ್ಲಿ ಒರೆಸಿ ನೇರ ಜೋಳ, ಮರಗೆಣಸುಗಳ ಕಪಾಟಿಗೆ ಹೋದಳು, ಬೆರಳಿಟ್ಟು ಒಂದೊಂದೇ ಹೆಸರು ಓದಿದಳು, ಮತ್ತೆ ಮೊದಲಿಂದ ಓದಿದಳು.

"ಹತ್ತಿಗೆ ಪುಸ್ತಕ ಐತೆ, ಹೊಗೆಸೊಪ್ಪಿಗೆ ಪುಸ್ತಕ ಐತೆ. ಊಟಕ್ಕೆ ಮಾತ್ರ ಇಲ್ಲ," ಎಂದಳು. "ಸರ್ಕಾರದೋರು ಗಾಳಿ ಕುಡ್ಕೊಂಡು ಬದುಕ್ತಾರೇನವ್ವಾ?"

ನಮುದ್ದು ಹಿರಿಯರೆದುರಿನ ಪದ್ಧತಿಯಂತೆ ಮಂಡಿಯೂರಿ ಕ್ಷಮೆ ಕೇಳಿ ಕಳಿಸಿಕೊಟ್ಟಳು. ಮರುವಾರ ಧೂಳು ಹೊಡೆಯುತ್ತಿದ್ದಾಗ ಆ ಪುಸ್ತಕ ಸಿಕ್ಕಿತು: ಮಟೋಕೆ ತೋಟದ ಬಾಡುರೋಗ, ಅಲ್ಲಿನ ಲುಗಾಂಡ ನುಡಿಯಲ್ಲಿ, ಚಿತ್ರಗಳ ಸಮೇತ. ಹಣ್ಣುಗಳ ಕಪಾಟಿನಲ್ಲಿ, ಸಂಪುಟ ಹೇಳಿದ ಜಾಗದಲ್ಲೇ ಇತ್ತು. ಕೊನೆಯ ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿಯಲ್ಲಿ ಒಂದೇ ಒಂದು ಮೊಹರು. ಅದೂ ಹೊಸ ಮೊಹರು ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಸೆಕಿತ್ತೊ ಪರೀಕ್ಷಿಸಿದ್ದು.

"ಅನಾನಸ್ ಪಕ್ಕ ಆರು ವರ್ಷದಿಂದ ಕೂತಿದೆ," ಎಂದರು ಅವರು ಪತ್ರಿಕೆಯಿಂದ ತಲೆಯೆತ್ತದೆ. "ಯಾರೂ ಮಾತಾಡಿಸಿಲ್ಲ, ಪಾಪ."

ಹಸಿರು ಬಾಳೆಕಾಯಿ ಸುಲಿದು, ಬಾಳೆಲೆಯಲ್ಲಿ ಕಟ್ಟಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿ, ಎಲೆಯ ಮೇಲಿಂದಲೇ ಅಮುಕಿ ಹಳದಿ ಮುದ್ದೆ ಮಾಡಿ ಬಡಿಸುವ ಮಟೋಕೆಯನ್ನು ಆ ಸೀಮೆಯಲ್ಲಿ ಹಣ್ಣು ಎನ್ನುವುದು, ಅಕ್ಕಿಯನ್ನು ಹುಲ್ಲಿನ ಬೀಜ ಎಂದ ಹಾಗೆ. ಸುಳ್ಳೇನಲ್ಲ. ಆದರೆ ಹಾಗೆಂದವನನ್ನು ಇನ್ನೊಮ್ಮೆ ಊಟಕ್ಕೆ ಕರೆಯುವುದಿಲ್ಲ. ನಮುದ್ದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಬ್ಲೇಡಿನಿಂದ ಬೆನ್ನಿನ ಚೀಟಿಯ ನಾಲ್ಕನ್ನು ಕೆರೆದು ಮೂರು ಮಾಡಿದಳು, ಒಂದು ಮಾರು ದೂರಕ್ಕೆ ಸರಿಸಿದಳು, ಸಂತೆಕಟ್ಟೆಗೆ ಹೋಗಿ ನಾಲೋಂಗೊಗೆ ಹೇಳಿ ಬಂದಳು. ಸೆಕಿತ್ತೊ ಇದನ್ನೆಲ್ಲ ನೋಡಿ ಒಂದು ಹುಬ್ಬು ಏರಿಸಿದರು. ಆ ಹುಬ್ಬು ಸಂಜೆಯಾದರೂ ಇಳಿಯಲಿಲ್ಲ.

ಆಮೇಲಿನ ಏಳು ವಾರ ಆ ಪುಸ್ತಕಕ್ಕೆ ಕಪಾಟು ಕಾಣುವ ಯೋಗ ಬರಲಿಲ್ಲ. ನಾಲೋಂಗೊ ತಂದುಕೊಟ್ಟ ದಿನವೇ ಅವಳ ನಾದಿನಿ ಒಯ್ದಳು. ನಾದಿನಿಯಿಂದ ಚರ್ಚಿನ ಗಾಯಕಿ, ಗಾಯಕಿಯಿಂದ ಬೈಸಿಕಲ್ ರಿಪೇರಿಯವನು. ಕವಲುಕೋಲಿನಿಂದ ಬಾಳೆಯ ಹೂವು ಮುರಿಯುವುದು, ಕತ್ತಿಯನ್ನು ಬೆಂಕಿಯಲ್ಲಿ ಕಾಯಿಸಿಯೇ ಮುಂದಿನ ಗಿಡಕ್ಕೆ ಹೋಗುವುದು ಪೇಟೆಯ ಹರಟೆಯ ವಿಷಯವಾಯಿತು. ದಿನಾಂಕದ ಚೀಟಿ ತುಂಬಿ, ಅದರ ಮೇಲೆ ಇನ್ನೊಂದನ್ನು ಅಂಟಿಸಬೇಕಾಯಿತು. ಅಂಟು ಹಚ್ಚುವಾಗ ನಮುದ್ದು ಹಾಡುತ್ತಿದ್ದಳು; ಗ್ರಂಥಾಲಯದಲ್ಲಿ ಹಾಡಬಾರದೆಂಬ ಫಲಕ ಅವಳ ತಲೆಯ ಮೇಲೆಯೇ ಇತ್ತು.

ಒಂಬತ್ತನೆಯ ವಾರ ಸೆಕಿತ್ತೊ ಪತ್ರಿಕೆ ಮಡಿಸಿದರು. ಅವರು ಪತ್ರಿಕೆ ಮಡಿಸುವುದು ಅಪರೂಪ.

"ನೋಡಮ್ಮಾ, ಆ ಮನುಷ್ಯ ಬರೋದು ಒಂದು ದಿನ. ಆವತ್ತು ಪುಸ್ತಕಾನ ಅನಾನಸ್ ಪಕ್ಕ ಕೂರಿಸು. ಹೋದ ಮೇಲೆ ಮನೆಗೆ ಕರ್ಕೊಂಡು ಬಾ. ಯಾರಿಗೂ ನಷ್ಟ ಇಲ್ಲ."

ನಮುದ್ದು ಹುತಾತ್ಮಳಾಗುವ ಜಾತಿಯಲ್ಲ. ಕೂಡಲೇ ಒಪ್ಪಿದಳು. ನಾಲ್ಕು ಎಂದು ಬರೆದ ಹೊಸ ಬೆನ್ನುಚೀಟಿಯನ್ನೂ ಸಿದ್ಧ ಮಾಡಿಟ್ಟಳು. ತೊಡಕು ಒಂದೇ: ಪುಸ್ತಕ ಎರಡನೆಯ ಸುತ್ತಿಗೆ ನಾಲೋಂಗೊ ಹತ್ತಿರ ಹೋಗಿತ್ತು. ಬುಧವಾರದೊಳಗೆ ತರಲು ಹೇಳಿ ಕಳಿಸಿದಳು. ನಾಲೋಂಗೊ ಆಗಲೆಂದಳು. ಬುಧವಾರವೆಂದರೆ ಬುಧವಾರವೇ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ.

ಗುರುವಾರ ಹತ್ತು ಗಂಟೆಗೆ ಒಕಿರೋರ್ ಟ್ಯಾಕ್ಸಿಯಿಂದ ಇಳಿದರು. ಕಂಪಾಲವನ್ನು ನಸುಕಿನ ಐದಕ್ಕೇ ಬಿಟ್ಟವರು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎರಡು ಗಂಟೆ ಕಾಲ ಕಪಾಟಿನಿಂದ ಕಪಾಟಿಗೆ ಸರಿದರು, ಪುಸ್ತಕ ತೆಗೆದರು, ಸಂಪುಟ ತಿರುವಿದರು, ಮತ್ತೆ ಇಟ್ಟರು. ಎಲ್ಲ ಸರಿಯಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹದಿನಾಲ್ಕು ಜನರ ಅನುಭವದಲ್ಲಿ ಅದು ಅವರ ನಗು. ಮೇಜಿನ ಮೇಲೆ ಅಂಕಪತ್ರ ಹರವಿ ಪೆನ್ನಿನ ಮುಚ್ಚಳ ತೆಗೆದರು.

ಆಗ ನಾಲೋಂಗೊ ಒಳಗೆ ಬಂದಳು. ಅವಳ ಕೈಯಲ್ಲಿ ಬಾಳೆಲೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಪುಸ್ತಕವಿತ್ತು.

"ತಡ ಆಯ್ತು ಮಗಳೇ, ಬೈಬ್ಯಾಡ. ಜಾಗ ಗೊತ್ತಲ್ಲ, ನಾನೇ ಇಡ್ತೀನಿ." ಎಲೆ ಬಿಚ್ಚಿ, ಬಗ್ಗಿ, ಜೋಳಕ್ಕೂ ಮರಗೆಣಸಿಗೂ ನಡುವೆ ತೂರಿಸಿ, ಅಂಗೈಯಿಂದ ಬೆನ್ನು ತಟ್ಟಿದಳು.

ಒಕಿರೋರ್ ಎದ್ದು ಹೋಗಿ ಅದನ್ನೇ ತೆಗೆದರು.

"ಮಿಸ್ ನಮುದ್ದು, ಇದು ಯಾವುದರ ಬಗ್ಗೆ?"

"ಬಾಳೆ, ಸರ್."

"ಬಾಳೆ ಎಲ್ಲಿರಬೇಕು?"

"ಮೂವತ್ತನಾಲ್ಕರಲ್ಲಿ, ಸರ್."

"ಎಲ್ಲಿದೆ?"

"ಮೂವತ್ತಮೂರರಲ್ಲಿ, ಸರ್."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಆ ಟಿಕ್ ಎನ್ನುವ ಸದ್ದಿನಲ್ಲಿ ನಮುದ್ದುವಿಗೆ ಬೀಗದಕೈ ಗೊಂಚಲು ಸೀನುತ್ತಾ ದೂರ ಹೋದಂತೆ ಕೇಳಿಸಿತು.

ವಿಷಯವೇನೆಂದು ನಾಲೋಂಗೊ ಕೇಳಿದಳು. ಸೆಕಿತ್ತೊ ನಾಲ್ಕು ಮಾತಿನಲ್ಲಿ ತಿಳಿಸಿದರು: ಸಂಪುಟದ ಪ್ರಕಾರ ಮಟೋಕೆ ಹಣ್ಣು, ಹುಡುಗಿ ಅದನ್ನು ಊಟದ ಸಾಲಿಗೆ ಸೇರಿಸಿದ್ದಾಳೆ, ಅದಕ್ಕೆ ಕೆಲಸ ಹೋಗುತ್ತದೆ. ನಾಲೋಂಗೊ ಅತಿಥಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ಪದ್ಧತಿಯಂತೆ ಮಂಡಿಯೂರಿ ನಮಸ್ಕರಿಸಿದಳು. ಮಂಡಿಯೂರಿದ ಹೆಂಗಸಿನ ಜೊತೆ ವಾದ ಮಾಡುವುದು ಎಷ್ಟು ಕಷ್ಟವೆಂದು ಒಕಿರೋರ್‌ಗೆ ಗೊತ್ತಿರಲಿಲ್ಲ.

"ನಿಮ್ಮದು ಯಾವೂರು, ಸೆಬೊ?" ಅಯ್ಯಾ, ಅಮ್ಮಾ ಎನ್ನುವಂತೆ ಆ ಸೀಮೆಯಲ್ಲಿ ಗಂಡಸಿಗೆ ಸೆಬೊ, ಹೆಂಗಸಿಗೆ ನ್ಯಾಬೊ.

"ಸೊರೋಟಿ, ನ್ಯಾಬೊ."

"ಹಂಗಾದ್ರೆ ರಾಗಿಮುದ್ದೆಯೋರು. ನಿಮ್ಮ ದಪ್ಪ ಪುಸ್ತಕದಾಗೆ ರಾಗಿ ಎಲ್ಲೈತೆ?"

"ಮೂವತ್ತಮೂರರಲ್ಲಿ."

"ಸರಿ. ನಿಮ್ಮೂರ ಊಟ ಊಟ. ನಮ್ಮೂರ ಊಟ ಹಣ್ಣು."

"ಅಂಕಿ ನಾನು ಮಾಡಿದ್ದಲ್ಲ, ನ್ಯಾಬೊ."

"ಮಾಡಿದೋರು ಯಾವತ್ತಾದ್ರೂ ಇಲ್ಲಿ ಉಂಡವ್ರಾ?"

ಒಕಿರೋರ್ ಸಂಪುಟವನ್ನು ಮತ್ತೆ ಕಂಕುಳಿಗೆ ಸೇರಿಸಿದರು. ಹೊತ್ತು ಮಧ್ಯಾಹ್ನವಾಗಿತ್ತು. ನಾಲೋಂಗೊ ಎದ್ದು, ಊಟಕ್ಕೆ ಬರಬೇಕು, ಇಲ್ಲವೆಂದರೆ ಸಂತೆಯ ಹೆಂಗಸರಿಗೆಲ್ಲ ಅವಮಾನ ಎಂದಳು. ಒಕಿರೋರ್ ಗಡಿಯಾರ ನೋಡಿಕೊಂಡರು, ಹೊಟ್ಟೆ ಅವರ ಪರವಾಗಿ ಒಪ್ಪಿಬಿಟ್ಟಿತು.

ಸಂತೆಕಟ್ಟೆಯ ಹಿಂದಿನ ಜಗುಲಿಯಲ್ಲಿ ಚಾಪೆ ಹಾಸಿದ್ದರು. ಮೊದಲು ಅನ್ನ ಬಂತು, ಅದರ ಮೇಲೆ ಮಾಂಸದ ಸಾರು, ಹುರುಳಿಕಾಯಿ ಪಲ್ಯ. ಒಕಿರೋರ್ ತಟ್ಟೆ ಬಳಿದು, ಇನ್ನೊಂದು ತಟ್ಟೆಗೂ ಬೇಡವೆನ್ನದೆ, ತೃಪ್ತಿಯಿಂದ ಕೈ ತೊಳೆದು, ಊಟ ಚೆನ್ನಾಗಿತ್ತು ಎಂದು ಪ್ರತ್ಯೇಕವಾಗಿ ಪ್ರತಿಯೊಬ್ಬರಿಗೂ ಹೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಕೈ ತೊಳೆದುಬಿಟ್ರಾ, ಸೆಬೊ?" ಎಂದಳು ನಾಲೋಂಗೊ ನಿಜವಾದ ಕಳವಳದಿಂದ. "ಊಟ ಇನ್ನೂ ಬಂದೇ ಇಲ್ವಲ್ಲ."

"ಹಾಗಾದ್ರೆ ನಾನು ತಿಂದಿದ್ದೇನು?"

"ಅದಾ? ಅದು ಅನ್ನ."

ಹಿಂದೆಯೇ ಇಬ್ಬರು ಹೆಂಗಸರು ಹಬೆಯಾಡುವ ಬಾಳೆಲೆಯ ಗಂಟನ್ನು ಹೊತ್ತು ತಂದರು. ಬಿಚ್ಚಿದಾಗ ಜಗುಲಿಯೆಲ್ಲ ಹಳದಿ ಬೆಳಕಾದಂತಾಯಿತು. ಮೇಲೆ ಕಡಲೆಕಾಯಿ ಗೊಜ್ಜು. ಊಟ ಬರುವವರೆಗೆ ಬಾಯಾಡಿಸಲು ಕೊಟ್ಟದ್ದನ್ನು ಅತಿಥಿ ಎರಡು ತಟ್ಟೆ ತಿಂದು ಎದ್ದಿದ್ದರೆಂಬ ಸುದ್ದಿ ಸಂತೆಯ ಆ ತುದಿ ಮುಟ್ಟಿ ನಗುವಾಗಿ ವಾಪಸು ಬಂತು. ಒಕಿರೋರ್ ಮತ್ತೆ ಕೈ ತೊಳೆದು ಕೂತರು. ಪಕ್ಕದಲ್ಲಿ ಕೂತ ನಮುದ್ದು ನಗು ತಡೆಯಲು ಇಡೀ ಒಂದು ತುತ್ತನ್ನು ಅಗಿಯದೆ ನುಂಗಿದಳು. ಅವಳ ಭವಿಷ್ಯ ತೂಗಾಡುತ್ತಿತ್ತು, ನಿಜ. ಆದರೆ ಟೈಯನ್ನು ಭುಜದ ಮೇಲೆ ಎಸೆದುಕೊಂಡ ಗುರುಗಳನ್ನು ಅವಳು ಎಂದೂ ನೋಡಿರಲಿಲ್ಲ. ಕೊನೆಗೆ ಒಂದು ಬುಟ್ಟಿಯಲ್ಲಿ ಬೆರಳುದ್ದದ ಸಿಹಿ ಬಾಳೆಹಣ್ಣು ಬಂತು.

"ಇದು?" ಎಂದರು ಒಕಿರೋರ್, ಎಚ್ಚರಿಕೆಯಿಂದ.

"ಅದು ಹಣ್ಣು," ಎಂದಳು ನಾಲೋಂಗೊ, ಅವಳಿ ಮಕ್ಕಳಿಗೆ ಬಣ್ಣ ಕಲಿಸಿದ ದನಿಯಲ್ಲಿ.

ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಗ್ರಂಥಾಲಯಕ್ಕೆ ಮರಳುವಾಗ ಅವರು ನಿಧಾನವಾಗಿ ನಡೆದರು. ಸೊಂಟದ ಬೆಲ್ಟು ಒಂದು ತೂತು ಹಿಂದೆ ಸರಿದಿತ್ತು. ಮೇಜಿನ ಮುಂದೆ ಕೂತು ಪುಸ್ತಕದ ಕೊನೆಯ ಪುಟ ತೆರೆದರು, ಬೆರಳಿಟ್ಟು ಮೊಹರುಗಳನ್ನು ಎಣಿಸಿದರು. ಆರು ವರ್ಷಕ್ಕೆ ಒಂದು; ಆಮೇಲೆ ಏಳು ವಾರಕ್ಕೆ ಹತ್ತೊಂಬತ್ತು. ಕಿತ್ತಳೆಯ ಪುಸ್ತಕ ತರಿಸಿದರು. ಹನ್ನೊಂದು ವರ್ಷಕ್ಕೆ ಮೂರು.

"ಇದನ್ನ ಯಾಕೆ ಬರೆದಿಡಲಿಲ್ಲ?"

ಅಭಿಪ್ರಾಯವೆಂದರೆ ಚಹಾದ ನೊಣವೆಂದು ಅವರೇ ಹೇಳಿದ್ದನ್ನು ನಮುದ್ದು ಮೆಲ್ಲಗೆ ನೆನಪಿಸಿದಳು.

"ಇದು ಅಭಿಪ್ರಾಯ ಅಲ್ಲ. ಹತ್ತೊಂಬತ್ತು ಮೊಹರು," ಎಂದರು ಒಕಿರೋರ್. "ಓದುಗರಿಗೆ ಅನುಕೂಲ ಆಗೋದಾದ್ರೆ ಗ್ರಂಥಾಲಯ ತನ್ನದೇ ಜಾಗ ಕೊಡಬಹುದು, ಕಾರಣ ಬರೆದಿಡಬೇಕು. ತರಗತಿಯ ಮೂರನೇ ವಾರದ ಪಾಠ. ಹದಿನಾಲ್ಕು ಜನಾನೂ ನಿದ್ದೆ ಮಾಡ್ತಿದ್ರಿ. ನಿಮ್ಮ ತಪ್ಪು ಪುಸ್ತಕ ಸರಿಸಿದ್ದಲ್ಲ. ಬಾಯಿ ಮುಚ್ಚಿಕೊಂಡು ಸರಿಸಿದ್ದು."

ಅಲ್ಲೇ ಕೂತು ಕಾರಣ ಬರೆಯಲು ಹೇಳಿದರು. ನಮುದ್ದು ಒಂದೂವರೆ ಪುಟ ಬರೆದಳು. ಅದರಲ್ಲಿ ನಾಡಿನ ಸಂಸ್ಕೃತಿ ಎರಡು ಕಡೆ ಬಂದಿತ್ತು. ಅವರು ಎರಡನ್ನೂ ಹೊಡೆದುಹಾಕಿದರು, ಉಳಿದದ್ದನ್ನೂ ಹೊಡೆಯುತ್ತಾ ಹೋಗಿ ಒಂದು ಸಾಲು ಉಳಿಸಿದರು: ಈ ಗ್ರಂಥಾಲಯದ ಓದುಗರು ಇದನ್ನು ಊಟದ ಬೆಳೆಗಳ ನಡುವೆ ಹುಡುಕುತ್ತಾರೆ. ಕೆಳಗೆ ಅವಳ ಸಹಿ, ತಾರೀಖು, ಅವರ ಸಹಿ. ಸಿಹಿ ಬಾಳೆಯ ಬಗ್ಗೆ ಬರುವ ಪುಸ್ತಕಗಳನ್ನು ಮಾತ್ರ ಹಣ್ಣಿನ ಕಪಾಟಿನಿಂದ ಕದಲಿಸಬಾರದೆಂದು ಎಚ್ಚರಿಸಿದರು. ಅದನ್ನು ತಾವೇ ತಿಂದು ನೋಡಿರುವುದಾಗಿಯೂ ಹೇಳಿದರು.

ಸೆಕಿತ್ತೊ ಪತ್ರಿಕೆಯ ಹಿಂದೆ ಕೆಮ್ಮಿದರು. ಅವರ ಹುಬ್ಬು ಏಳು ವಾರದ ಮೇಲೆ ಇಳಿಯಿತು.

ಕಾರಣ ಬರೆದಿಡದಿದ್ದಕ್ಕೆ ಹದಿನಾಲ್ಕು, ಬ್ಲೇಡಿನಿಂದ ಕೆರೆದದ್ದಕ್ಕೆ ಐದು, ಹೀಗೆ ಕಳೆದು ನಮುದ್ದುವಿಗೆ ನೂರಕ್ಕೆ ಎಂಬತ್ತೊಂದು ಅಂಕ ಬಂದವು. ಆಗಸ್ಟ್ ಒಂದರಂದು ಅವಳು ಕೆಲಸಕ್ಕೆ ಸೇರಿದಳು. ಗುಮಾಸ್ತನನ್ನು ಮೀನುಗಾರಿಕೆ ಇಲಾಖೆಗೆ ವರ್ಗ ಮಾಡಿದರು. ಪುಸ್ತಕದ ಅಂಕಿ ಆರುನೂರ ಮೂವತ್ತಮೂರು.